ತಮ್ಮನಿಗೆ ಕಲಿಸಿದ ಉತ್ತರ

ಕರ್ಕಿಯಿಂದ ಒಳಗೆ ಎರಡು ಮೈಲಿ ನಡೆದರೆ ಸಿಗುವ, ಹತ್ತಿಪ್ಪತ್ತು ಮನೆಗಳ ಕೊಪ್ಪದಲ್ಲಿ ದುರ್ಗಿ ಎಂಬ ಹೆಸರಿನವರು ನಾಲ್ಕು ಜನ ಇದ್ದಾರೆ. ಅದಕ್ಕೇ ಈ ದುರ್ಗಿಯನ್ನು ಬಸಳೆ ದುರ್ಗಿ ಅನ್ನುತ್ತಾರೆ. ಹೊನ್ನಾವರದ ಪೇಟೆಯಲ್ಲಿ ಅವಳು ತಂದ ಬಸಳೆಯ ಸೂಡಿಯನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಒಳಗೆ ಹಳದಿ ಎಲೆ, ಹುಳ ತಿಂದ ಎಲೆ ಇರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಬೆಳಗಿನ ಜಾವ ಎದ್ದು, ಒಂದೊಂದೇ ದಂಟು ತೊಳೆದು, ಸಮ ಮಾಡಿ, ಬಾಳೆಯ ನಾರಿನಲ್ಲಿ ಕಟ್ಟುವವಳು ಅವಳು. ಜನರ ಎದುರಿಗೆ ಇಡುವುದನ್ನು ಚೊಕ್ಕ ಮಾಡಿ ಇಡಬೇಕು ಎಂಬುದೊಂದು ಹಟ ಅವಳಿಗೆ ಸಣ್ಣಂದಿನಿಂದ ಇತ್ತು.

ಹದಿನೇಳನೆಯ ವರ್ಷಕ್ಕೆ ಮಂಕಿ ಕಡೆಯ ಮನೆಗೆ ಮದುವೆಯಾಗಿ ಹೋದಳು. ಗಂಡ ಶಿವ ಭಟ್ಕಳದ ಹತ್ತಿರ ಚಿರೆಕಲ್ಲು ಕಡಿಯುವ ಕೆಲಸಕ್ಕೆ ಹೋಗುತ್ತಿದ್ದ. ಒಂಬತ್ತನೆಯ ಮಳೆಗಾಲದಲ್ಲಿ ದರೆ ಜರಿದು ಅವನ ಮೇಲೆ ಬಿತ್ತು. ಮಕ್ಕಳಿರಲಿಲ್ಲ. ಹನ್ನೆರಡನೆಯ ದಿನ ಕಳೆದ ಮೇಲೆ ಗಂಡನ ಮನೆಯವರು ಅವಳನ್ನು ಇರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಆಗ ಹದಿನೆಂಟು ವರ್ಷದ ತಮ್ಮ ಶುಕ್ರ ಬಸ್ಸಿಳಿದು ಅಂಗಳಕ್ಕೆ ಬಂದು, ಕಾಲಿನ ಕೆಸರನ್ನೂ ತೊಳೆಯದೆ, "ಅಕ್ಕಾ, ನಡೆ. ನಾಟಿಗೆ ಜನ ಸಾಲೂದಿಲ್ಲ," ಅಂದ. ನಾಟಿ ಮುಗಿದು ತಿಂಗಳಾಗಿತ್ತು. ಆ ಸುಳ್ಳನ್ನು ಹಿಡಿದುಕೊಂಡೇ ದುರ್ಗಿ ತವರಿಗೆ ಬಂದಳು. ಆಮೇಲೆ ಮೂವತ್ತು ವರ್ಷ, ಅಕ್ಕ ಯಾಕೆ ಇಲ್ಲಿದ್ದಾಳೆ ಎಂಬ ಮಾತು ಆ ಮನೆಯಲ್ಲಿ ಹುಟ್ಟಲಿಲ್ಲ.

ಶುಕ್ರ ಮದುವೆಯಾಗಲಿಲ್ಲ. ಕೇಳಿದರೆ ನಗುತ್ತಿದ್ದ. ಗದ್ದೆ, ಎರಡು ಎಮ್ಮೆ, ಚರ್ಮ ಬಿಗಿದ ಮಣ್ಣಿನ ಗುಮಟೆ ಇಷ್ಟೇ ಅವನ ಲೋಕ. ಗುಮಟೆಯ ಮೇಲೆ ಬೆರಳಿಟ್ಟು ಅವನು ಪದ ಎತ್ತಿದರೆ ಪಕ್ಕದ ಮನೆಯ ನಾಗ ಆ ಸಾಲನ್ನು ಹಿಡಿಯುತ್ತಿದ್ದ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಹೊಳೆಯಲ್ಲಿ ಈಜು ಕಲಿತವರು. "ನಿಂಗೆ ಹೆಂಡತಿ ಇಲ್ಲ, ಅದಕ್ಕೆ ಪದ ಉದ್ದ. ನಂಗೆ ಹಮ್ಮ ಕಾಯ್ತಾ ಇರ್ತು, ಬೇಗ ಮುಗಿಸು," ಎಂದು ನಾಗ ಛೇಡಿಸುತ್ತಿದ್ದ. ಹಮ್ಮ ಎಂದರೆ ಅವನ ಹೆಂಡತಿ.

ವಯಸ್ಸು ನಲವತ್ತೆಂಟು ದಾಟುವಾಗ ಶುಕ್ರನ ಮಾತು ಕಡಿಮೆಯಾಗತೊಡಗಿತು. ಮೊದಲು, ಬಾವಿಯೊಳಗಿಂದ ಯಾರೋ ತನ್ನ ಹೆಸರು ಹಿಡಿದು ಬೈಯುತ್ತಾರೆ ಅಂದ. ಆಮೇಲೆ ಬೇರೆಯವರ ಮನೆಯ ನೀರು ಕುಡಿಯುವುದನ್ನು ಬಿಟ್ಟ. ಕೊನೆಗೆ ಏನೂ ಹೇಳದೆ ಜಗಲಿಯ ಕಂಬಕ್ಕೆ ಒರಗಿ ಕೂರುವುದಕ್ಕೆ ಶುರುಮಾಡಿದ. ಉಣ್ಣು ಎಂದರೆ ಉಣ್ಣುತ್ತಿದ್ದ, ಏಳು ಎಂದರೆ ಏಳುತ್ತಿದ್ದ. ದುರ್ಗಿ ದೇವರ ಪಾತ್ರಿಯಲ್ಲಿ ನೋಟ ನೋಡಿಸಿದಳು, ತಾಯಿತ ಕಟ್ಟಿಸಿದಳು. ಕೇಳಿದವರಿಗೆಲ್ಲ "ಪಿತ್ತ ಏರಿದೆ" ಅಂದಳು. ಮಳ್ಳು, ಅಂದರೆ ಹುಚ್ಚು, ಎಂಬ ಶಬ್ದವನ್ನು ಅವಳೂ ಬಾಯಿಗೆ ತರಲಿಲ್ಲ, ಬೇರೆಯವರಿಗೂ ಬಿಡಲಿಲ್ಲ. ಯಾರಾದರೂ ಬಂದರೆ ತಮ್ಮನಿಗೆ ತೊಳೆದ ಅಂಗಿ ಹಾಕಿ, ತಲೆ ಬಾಚಿ ಕೂರಿಸುತ್ತಿದ್ದಳು. ನಾಗನೊಬ್ಬ ಮಾತ್ರ, "ದುರ್ಗಕ್ಕಾ, ಇದು ಪಿತ್ತ ಅಲ್ಲ. ಕುಮಟೆಗೆ ಕರ್ಕಂಡು ಹೋಪ, ದೊಡ್ಡಾಸ್ಪತ್ರೆಗೆ," ಅಂದಿದ್ದ. ಅವಳು ಆ ದಿನ ಅವನಿಗೆ ಚಾ ಕೊಡಲಿಲ್ಲ.

ಹೀಗೇ ನಾಲ್ಕನೆಯ ವರ್ಷ ನಡೆಯುವಾಗ, ಆಷಾಢದ ಒಂದು ಬೆಳಿಗ್ಗೆ ನಾಗ ತನ್ನ ಗದ್ದೆಯ ನೀರಿನ ಕಂಡಿ ಬಿಡಿಸಲು ಬಂದವನು, ಶುಕ್ರ ಗುದ್ದಲಿ ಹಿಡಿದು ಬದುವಿನ ಮೇಲೆ ನಿಂತಿದ್ದನ್ನು ಕಂಡು, "ಎಂತ ಮಾರಾಯಾ, ಇವತ್ತು ಎದ್ದೆಯಾ?" ಎಂದು ಹತ್ತಿರ ಹೋದ. ಶುಕ್ರ ಅವನನ್ನು ಯಾರೆಂದು ಕಂಡನೋ ಗೊತ್ತಿಲ್ಲ. ಗುದ್ದಲಿಯ ಬೆನ್ನಿನಿಂದ ಮೊಣಕಾಲಿನ ಕೆಳಗೆ ಎರಡು ಸಲ ಹೊಡೆದ. ದುರ್ಗಿ ಓಡಿ ಬರುವಷ್ಟರಲ್ಲಿ ನಾಗ ಕೆಸರಿನಲ್ಲಿ ಬಿದ್ದಿದ್ದ. ಶುಕ್ರ ಪಕ್ಕದಲ್ಲೇ ನಿಂತು ಗುದ್ದಲಿಯ ಮಣ್ಣನ್ನು ಒರೆಸುತ್ತಿದ್ದ.

ನಾಗನ ಕಾಲಿಗೆ ಉಡುಪಿ ಕಡೆಯ ಆಸ್ಪತ್ರೆಯಲ್ಲಿ ಸರಳು ಹಾಕಿದರು. ಕಾಲು ನೆಟ್ಟಗಾಗಲಿಲ್ಲ. ಶುಕ್ರನನ್ನು ಪೊಲೀಸರು ಕರೆದುಕೊಂಡು ಹೋಗಿ ಹತ್ತೊಂಬತ್ತು ದಿನ ಒಳಗಿಟ್ಟರು. ಜಾಮೀನಿನ ಮೇಲೆ ಬಂದಾಗ ಅವನು ಇನ್ನೂ ಸಣ್ಣಗಾಗಿದ್ದ. ಸರ್ಕಾರದಿಂದ ಪುಕ್ಕಟೆ ಕೊಟ್ಟ ವಕೀಲೆ ಸಂಪದಾ ಹೆಗಡೆ. ವಯಸ್ಸು ಮೂವತ್ತು ದಾಟಿರಲಿಲ್ಲ, ಸ್ಕೂಟಿಯ ಮೇಲೆ ಬರುತ್ತಿದ್ದಳು. ಅವಳೇ ಶುಕ್ರನನ್ನು ಕುಮಟೆಯ ಆಸ್ಪತ್ರೆಗೆ ಕಳಿಸಿ ಡಾಕ್ಟರರ ಚೀಟಿ ತರಿಸಿದಳು. ಮಾತ್ರೆ ಶುರುವಾದವು.

"ದುರ್ಗಕ್ಕಾ, ಮುಂದಿನ ತಾರೀಕಿಗೆ ಜಡ್ಜು ಇವನನ್ನು ಎದುರಿಗೆ ನಿಲ್ಲಿಸಿ ಮಾತಾಡಿಸ್ತಾರೆ," ಅಂದಳು ಸಂಪದಾ. "ಇವನಿಗೆ ತಿಳೀತದೋ ಇಲ್ವೋ ನೋಡ್ತಾರೆ. ನೀವು ಎಂತದೂ ಮಾಡ್ಬೇಡಿ. ಇವನು ಹೇಗಿದ್ದಾನೋ ಹಾಗೇ ಕರ್ಕೊಂಡು ಬನ್ನಿ."

"ಆತು ವಕೀಲಮ್ಮಾ," ಅಂದಳು ದುರ್ಗಿ.

ಹೇಗಿದ್ದಾನೋ ಹಾಗೆ ಎಂಬ ಮಾತು ಅವಳ ಕಿವಿಗೆ ಹೋಯಿತು, ಒಳಗೆ ಇಳಿಯಲಿಲ್ಲ. ಜಡ್ಜು ಮಾತಾಡಿಸುತ್ತಾರೆ ಎಂಬುದಷ್ಟೇ ಉಳಿಯಿತು. ಅಷ್ಟು ದೊಡ್ಡವರು ಕೇಳಿದಾಗ ತಮ್ಮ ಬಾಯಿ ತೆರೆಯದೆ ನಿಂತರೆ, ಜೊಲ್ಲು ಸುರಿಸಿದರೆ, ಇಡೀ ಕೋರ್ಟು ನೋಡುತ್ತದೆ. ಇಂಥವನು ಹೊಡೆದೇ ಹೊಡೆದಿರುತ್ತಾನೆ, ಒಳಗೆ ಹಾಕಿ ಅನ್ನುತ್ತಾರೆ. ಹೀಗೆಂದುಕೊಂಡು ಅವಳು ಎರಡು ದಿನ ಬಸಳೆ ಮಾರುವುದನ್ನು ಬಿಟ್ಟು ಕೋರ್ಟಿನ ಜಗಲಿಯಲ್ಲಿ ಕೂತಳು. ಜಡ್ಜು ಬಂದವರನ್ನೆಲ್ಲ ಮೊದಲು ಏನು ಕೇಳುತ್ತಾರೆ ಎಂದು ಕಿವಿಗೊಟ್ಟಳು. ಬಾಗಿಲಲ್ಲಿ ಹೆಸರು ಕೂಗುವ ಜವಾನ, "ಎಂತ ಬಸಳೆ, ನೀನೂ ವಕೀಲಕಿ ಕಲೀತ್ಯಾ?" ಅಂದ. "ನಾ ಕಲಿತ್ರೆ ನಿಂಗೆ ಕೂಗೂ ಕೆಲಸ ಇರೂದಿಲ್ಲ ತಮಾ, ನನ್ನ ಗಂಟಲು ದೊಡ್ಡದು," ಅಂದಳು.

ಹೆಸರು. ಅಪ್ಪನ ಹೆಸರು. ವಯಸ್ಸು. ಊರು. ಕೆಲಸ. ಆಮೇಲೆ, ನಿಮ್ಮ ಮೇಲೆ ಇಂಥ ಆಪಾದನೆ ಇದೆ, ಗೊತ್ತಾಯಿತಾ? ಎಲ್ಲರಿಗೂ ಇದೇ, ಇದೇ ಸಾಲಿನಲ್ಲಿ. ದುರ್ಗಿಗೆ ಓದು ಬರಹ ಇಲ್ಲ, ಆದರೆ ಒಮ್ಮೆ ಕೇಳಿದ್ದು ಎಲ್ಲಿಗೂ ಹೋಗುವುದಿಲ್ಲ.

ಮನೆಗೆ ಬಂದು ಬಸಳೆ ಚಪ್ಪರದ ಕೆಳಗೆ ತಮ್ಮನನ್ನು ಕೂರಿಸಿಕೊಂಡು ಹೇಳಿಕೊಟ್ಟಳು. "ನಿನ್ನ ಹೆಸರು ಎಂತ? ಶುಕ್ರ ಗೌಡ ಅನ್ನು." ಶುಕ್ರ ಅವಳ ಕೈಯನ್ನು ನೋಡುತ್ತಿದ್ದ. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಅವಳು ಬೇಸರದಿಂದ ಪಕ್ಕದ ಮಡಕೆಯ ಮೇಲೆ ಬೆರಳು ಬಡಿಯುತ್ತಾ ಕೂತಿದ್ದಳು. ಶುಕ್ರನ ತಲೆ ಆಡಿತು. ಆಗ ಅವಳಿಗೆ ಹೊಳೆಯಿತು. ಮಾತಾಗಿ ಹೇಳಿದ್ದು ಇವನಿಗೆ ಹಿಡಿಯುವುದಿಲ್ಲ, ಪದವಾಗಿ ಹೇಳಿದರೆ ಹಿಡಿದೀತು. ಆರು ಉತ್ತರವನ್ನು ಆರು ಸಾಲು ಮಾಡಿದಳು. ಮಡಕೆ ಬಡಿದು ಅವಳು ಪ್ರಶ್ನೆ ಎತ್ತುವುದು, ಅವನು ಉತ್ತರ ಹಿಡಿಯುವುದು. ಐದು ದಿನದಲ್ಲಿ ಕೂತಿತು. ಆಮೇಲೆ ಮಡಕೆ ಬಿಟ್ಟಳು, ರಾಗವನ್ನೂ ಬಿಡಿಸಿದಳು. ಕೊನೆಗೆ ಅವಳು ಬರಿ ಮಾತಿನಲ್ಲಿ ಕೇಳಿದರೂ ಅವನು ಬರಿ ಮಾತಿನಲ್ಲಿ ಹೇಳಿದ. ದುರ್ಗಿ ಆ ಸಂಜೆ ಎಮ್ಮೆಗೆ ಒಂದು ಹಿಡಿ ಹುಲ್ಲು ಜಾಸ್ತಿ ಹಾಕಿದಳು.

ತಾರೀಕಿನ ದಿನ ತಮ್ಮನಿಗೆ ಎಣ್ಣೆ ಹಚ್ಚಿ, ಗಡ್ಡ ತೆಗೆಸಿ, ಬಿಳಿ ಅಂಗಿ ಹಾಕಿಸಿ ಕರೆತಂದಳು. ಜಡ್ಜು ತಲೆ ಎತ್ತಿ ನೋಡಿದರು.

"ನಿಮ್ಮ ಹೆಸರು?"

"ಶುಕ್ರ ಗೌಡ."

"ತಂದೆ ಹೆಸರು?"

"ಅಪ್ಪ ಮಂಜು ಗೌಡ."

"ವಯಸ್ಸು?"

"ಐವತ್ತೆರಡು."

ಊರು ಹೇಳಿದ, ಗದ್ದೆ ಕೆಲಸ ಅಂದ. "ನಿಮ್ಮ ಮೇಲೆ ಆಪಾದನೆ ಇದೆ, ಗೊತ್ತಾಗ್ತದಾ?" ಎಂದು ಜಡ್ಜು ನಿಧಾನವಾಗಿ ಕೇಳಿದರು. "ಗೊತ್ತು ಒಡೆಯಾ. ನಂದು ತಪ್ಪಿಲ್ಲ," ಅಂದ ಶುಕ್ರ.

ಸರ್ಕಾರದ ವಕೀಲರು ಎದ್ದು, "ಸ್ವಾಮಿ, ಇವರಿಗೆ ತಿಳಿಯುವುದಿಲ್ಲ ಎಂದು ಚೀಟಿ ಕೊಟ್ಟಿದ್ದಾರೆ. ಇವರು ನನಗಿಂತ ಚೆನ್ನಾಗಿ ಉತ್ತರ ಕೊಟ್ಟರಲ್ಲ," ಅಂದರು. ಸಣ್ಣ ನಗೆ ಎದ್ದಿತು. ಜಡ್ಜು ಚೀಟಿಯನ್ನೊಮ್ಮೆ, ಶುಕ್ರನನ್ನೊಮ್ಮೆ ನೋಡಿ ಏನೋ ಬರೆದರು. ಮೂರು ವಾರ ಬಿಟ್ಟು ತಾರೀಕು ಕೊಟ್ಟರು.

ಹೊರಗೆ ಬಂದಾಗ ದುರ್ಗಿಯ ಮುಖ ಅರಳಿತ್ತು. ಸಂಪದಾ ಹಲಸಿನ ಮರದ ಕಟ್ಟೆಯ ಮೇಲೆ ಕೂತುಬಿಟ್ಟಳು.

"ದುರ್ಗಕ್ಕಾ, ನಿಜ ಹೇಳಿ. ಇವನು ಹೇಗೆ ಮಾತಾಡಿದ?"

"ನಾನೇ ಕಲಿಸ್ದೆ. ಹನ್ನೊಂದು ದಿನ ಬೇಕಾತು."

"ಯಾಕೆ ಕಲಿಸಿದ್ರಿ?"

"ಎಂತಕೆ ಅಂದ್ರೆ? ಜಡ್ಜಿನ ಎದುರಿಗೆ ಕಲ್ಲಿನ ಹಂಗೆ ನಿಲ್ಸೂದಾ?"

ಸಂಪದಾ ಫೈಲನ್ನು ಮುಚ್ಚಿ ಪಕ್ಕಕ್ಕಿಟ್ಟಳು. ಸಿಟ್ಟು ಬಂದಿತ್ತು, ಆದರೆ ಬೈಯಲಿಲ್ಲ. "ನೋಡಿ, ನಾಳೆ ಯಾರಾದ್ರೂ ಸಾಕ್ಷಿ ಬಂದು, ಇಬ್ಬರಿಗೂ ಹಿಂದಿನ ದಿನವೇ ಜಗಳ ಆಗಿತ್ತು, ಶುಕ್ರ ಕೊಲ್ತೇನೆ ಅಂದಿದ್ದ ಅಂತ ಹೇಳ್ತಾನೆ ಅಂತ ಇಟ್ಕೊಳ್ಳಿ. ಅದು ಸುಳ್ಳು ಅಂತ ನನ್ನ ಕಿವಿಯಲ್ಲಿ ಹೇಳೋರು ಯಾರು? ಇವನೇ ಹೇಳ್ಬೇಕು. ಇವನಿಗೆ ಅಲ್ಲಿ ಎಂತ ನಡೀತಾ ಇದೆ ಅಂತಾನೇ ಗೊತ್ತಿಲ್ಲ. ಗೊತ್ತಿಲ್ಲದವನನ್ನು ನಿಲ್ಲಿಸಿ ವಿಚಾರಣೆ ಮಾಡಬಾರದು ಅಂತ ಕಾನೂನೇ ಇದೆ. ಗೊತ್ತಾಗುವ ತನಕ ಕೇಸು ನಿಲ್ಲಿಸ್ತಾರೆ. ಅದನ್ನೇ ನಾನು ಕೇಳಿದ್ದು. ಇವತ್ತು ಇವನಿಗೆ ಎಲ್ಲ ಗೊತ್ತಾಗ್ತದೆ ಅಂತ ಆಯ್ತು. ಇನ್ನು ವಿಚಾರಣೆ ನಡೀತದೆ. ಇವನು ಅದೇ ಆರು ಮಾತು ಹೇಳ್ತಾ ನಿಂತಿರ್ತಾನೆ. ಆಮೇಲೆ ಜೈಲು."

ದುರ್ಗಿ ತಮ್ಮನ ಕಡೆ ತಿರುಗಿದಳು. ಶುಕ್ರ ಮರದ ಬುಡದಲ್ಲಿ ಇರುವೆ ಸಾಲನ್ನು ನೋಡುತ್ತಾ ನಿಂತಿದ್ದ. ಎಣ್ಣೆ ಹಚ್ಚಿದ ಅವನ ತಲೆ ಬಿಸಿಲಿಗೆ ಹೊಳೆಯುತ್ತಿತ್ತು.

"ಈಗ ಎಂತ ಮಾಡೂದು ವಕೀಲಮ್ಮಾ?"

"ನಾನು ಹೇಳಿದ್ರೆ ವಕೀಲರ ಮಾತು ಅಂತ ತಳ್ಳಿಬಿಡಬಹುದು. ಕಲಿಸಿದವರು ನೀವು. ನೀವೇ ಹೇಳ್ಬೇಕು. ಜಡ್ಜು ಬೈದಾರು."

"ಬೈಲಿ. ನಂಗೂ ಜೈಲಾ?"

"ಆಗಲಿಕ್ಕಿಲ್ಲ."

ಆಗಲಿಕ್ಕಿಲ್ಲ ಎಂಬುದು ಇಲ್ಲ ಎಂದಷ್ಟು ಗಟ್ಟಿ ಅಲ್ಲ ಎಂದು ದುರ್ಗಿಗೆ ಗೊತ್ತಿತ್ತು. ಆದರೆ ಆ ಮೂರು ವಾರ ಅವಳನ್ನು ತಿಂದದ್ದು ಜೈಲಿನ ಹೆದರಿಕೆ ಅಲ್ಲ. ತಮ್ಮನ ತಲೆ ಖಾಲಿ ಎಂದು ಅಷ್ಟು ಜನರ ಎದುರಿಗೆ ತನ್ನ ಬಾಯಿಂದಲೇ ಹೇಳಬೇಕಲ್ಲ. ನಾಲ್ಕು ವರ್ಷ ತೊಳೆದು, ಬಾಚಿ, ಮುಚ್ಚಿದ್ದನ್ನು ತಾನೇ ಬಿಚ್ಚಬೇಕು. ಕಲಿಸಿದ್ದನ್ನು ಮರೆಸೋಣ ಎಂದೂ ನೋಡಿದಳು. ಅದು ಹೋಗಲಿಲ್ಲ. ಅವಳು ಊಟಕ್ಕೆ ಕರೆದರೂ ಅವನು "ಶುಕ್ರ ಗೌಡ" ಅನ್ನುತ್ತಿದ್ದ.

ಬಾವಿಕಟ್ಟೆಯಲ್ಲಿ ಹಮ್ಮ ಸಿಕ್ಕಳು. ಆಷಾಢದಿಂದ ಮಾತಿಲ್ಲದವಳು ಅಂದು ಕೊಡ ಇಟ್ಟು ಮಾತಾಡಿದಳು.

"ಕೋರ್ಟಿನಲ್ಲಿ ಗಿಳಿ ಹಂಗೆ ಮಾತಾಡ್ದ ಅಂತಲ್ಲ ನಿನ್ ತಮ್ಮ. ಮಳ್ಳು ನಮ್ಮನಿ ಗಂಡಸರ ಕಾಲು ಮುರಿಯೂಕೆ ಮಾತ್ರವಾ?"

"ಅಂವಂಗೆ ಗೊತ್ತಾಗೂದಿಲ್ಲ ಹಮ್ಮಾ."

"ನಂಗೆ ಗೊತ್ತಾಗ್ತು. ದಿನಾ ಎತ್ತಿ ಕೂರ್ಸೂಳು ನಾನಲ್ವಾ? ಅವತ್ತು ನಮ್ಮನಿಯವರು ಕುಮಟೆಗೆ ಹೋಪ ಅಂದಾಗ ಹೋಗಿದ್ರೆ ನಂಗೂ ಈ ಗತಿ ಇಲ್ಲ, ನಿಂಗೂ ಇಲ್ಲ."

ದುರ್ಗಿ ಹಗ್ಗ ಹಿಡಿದುಕೊಂಡೇ ನಿಂತಳು. ಹಮ್ಮ ಕೊಡ ಎತ್ತಿ ಸೊಂಟಕ್ಕಿಟ್ಟು ಹೋದಳು.

ಮುಂದಿನ ತಾರೀಕಿನ ದಿನ ದುರ್ಗಿ ತಮ್ಮನಿಗೆ ತಲೆ ಬಾಚಲಿಲ್ಲ. ಮನೆಯಲ್ಲಿ ತೊಡುವ ಅಂಗಿಯಲ್ಲೇ ಕರೆತಂದಳು. ಕೋರ್ಟಿನ ಹಿಂದಿನ ಬೆಂಚಿನಲ್ಲಿ ನಾಗ ಕಂಕುಳಿಗೆ ಕೋಲು ಕೊಟ್ಟು ಕೂತಿದ್ದ, ಪಕ್ಕದಲ್ಲಿ ಹಮ್ಮ. ಶುಕ್ರನ ಹೆಸರು ಕೂಗಿದಾಗ ಸಂಪದಾ ಎದ್ದು, ಆರೋಪಿಯ ಅಕ್ಕ ಒಂದು ಮಾತು ಹೇಳಬೇಕಂತೆ ಅಂದಳು. ಜಡ್ಜು ಹ್ಞೂಂ ಅಂದರು.

ದುರ್ಗಿ ಕೈ ಮುಗಿದಳು. "ಒಡೆಯಾ, ಹಿಂದಿನ ಸಲ ಅಂವ ಹೇಳಿದ್ದು ಅಂವಂದಲ್ಲ. ನಂದು. ನೀವು ಎಂತ ಕೇಳ್ತ್ರಿ ಅಂತ ಇಲ್ಲೇ ಕೂತು ಕೇಳ್ಕಂಡು ಹೋಗಿ, ಪದ ಕಲಿಸಿದ ಹಂಗೆ ಕಲಿಸ್ದೆ. ಅಂವಂಗೆ ಮಳ್ಳು. ನಾಲ್ಕು ವರ್ಷ ಆತು."

ಆ ಶಬ್ದ ಬಾಯಿಂದ ಹೊರಗೆ ಬಂದ ಮೇಲೆ ಅವಳಿಗೆ ತುಟಿ ಒರೆಸಿಕೊಳ್ಳಬೇಕೆನ್ನಿಸಿತು.

"ಕೋರ್ಟಿನ ಎದುರು ಹೀಗೆಲ್ಲ ಮಾಡುವುದು ತಪ್ಪು, ಗೊತ್ತಾ?" ಅಂದರು ಜಡ್ಜು.

"ಈಗ ಗೊತ್ತಾತು. ಆಗ ಗೊತ್ತಿರಲಿಲ್ಲ."

ಸರ್ಕಾರದ ವಕೀಲರು ಎದ್ದರು. "ಸ್ವಾಮಿ, ಆಗ ಕಲಿಸಿದ್ದು ನಾಟಕವೋ ಈಗ ಹೇಳುವುದು ನಾಟಕವೋ, ಹೇಗೆ ನಂಬುವುದು?"

ದುರ್ಗಿ ಅವರ ಕಡೆ ನೋಡಲಿಲ್ಲ. "ಹಿಂದೆ ಮುಂದೆ ಮಾಡಿ ಕೇಳಿ ಒಡೆಯಾ. ಸಾಲು ತಪ್ಪಿಸಿ ಕೇಳಿ."

ಜಡ್ಜು ಪೆನ್ನು ಕೆಳಗಿಟ್ಟರು. ಶುಕ್ರನ ಕಡೆ ಬಾಗಿ ಕೇಳಿದರು. "ನೀವು ಏನು ಕೆಲಸ ಮಾಡ್ತೀರಿ?"

"ಶುಕ್ರ ಗೌಡ."

"ನಿಮ್ಮ ವಯಸ್ಸೆಷ್ಟು?"

"ಅಪ್ಪ ಮಂಜು ಗೌಡ."

"ಇವತ್ತು ಬೆಳಿಗ್ಗೆ ಏನು ತಿಂದಿರಿ?"

"ಐವತ್ತೆರಡು."

ಬಾಗಿಲ ಹತ್ತಿರ ಯಾರೋ ಫಕ್ಕನೆ ನಕ್ಕರು. ಇನ್ನಿಬ್ಬರು ನಕ್ಕರು. ಜಡ್ಜು ಕಣ್ಣೆತ್ತಿದಾಗ ನಿಂತಿತು. ಅವರು ಹಿಂದಿನ ಬೆಂಚಿನ ಕಡೆ ಕೈ ತೋರಿಸಿ, "ಅಲ್ಲಿ ಕೋಲು ಹಿಡಿದು ಕೂತವರು ಯಾರು, ಗೊತ್ತಾ?" ಅಂದರು. ಶುಕ್ರ ತಿರುಗಲಿಲ್ಲ. ತನ್ನ ಊರಿನ ಹೆಸರು ಹೇಳಿದ. ನಾಗ ಮುಖವನ್ನು ಗೋಡೆಯ ಕಡೆ ಮಾಡಿಕೊಂಡ.

ಜಡ್ಜು ಶುಕ್ರನನ್ನು ಧಾರವಾಡದ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಅವನನ್ನು ಹದಿನಾರು ದಿನ ಇಟ್ಟು ನೋಡಿದರು. ದುರ್ಗಿ ಅಲ್ಲಿಯ ಜಗಲಿಯಲ್ಲಿ ಚಾಪೆ ಹಾಸಿಕೊಂಡಿದ್ದಳು. ಹೊನ್ನಾವರದ ಕೋರ್ಟಿಗೆ ಡಾಕ್ಟರುಗಳ ವರದಿ ಬಂತು. ಶುಕ್ರನಿಗೆ ತನ್ನ ಪರವಾಗಿ ಹೇಳಿಕೊಳ್ಳುವಷ್ಟು ತಿಳಿವಳಿಕೆ ಇಲ್ಲ, ಔಷಧಿ ತಪ್ಪದೆ ಕೊಟ್ಟರೆ ಮನೆಯಲ್ಲೇ ಇರಬಹುದು ಎಂದು ಅದರಲ್ಲಿತ್ತು. ಜಡ್ಜು ಆದೇಶ ಓದಿದರು. ದುರ್ಗಿ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿದಳು. ಮಾತ್ರೆ ಕೊಡುತ್ತೇನೆ, ಅವನು ಯಾರಿಗೂ ನೋವು ಮಾಡದಂತೆ ನೋಡಿಕೊಳ್ಳುತ್ತೇನೆ, ಕರೆದಾಗ ಹಾಜರು ಮಾಡುತ್ತೇನೆ ಎಂದು ಅದರಲ್ಲಿ ಬರೆದದ್ದನ್ನು ಸಂಪದಾ ಓದಿ ಹೇಳಿದಳು.

"ಹಂಗಾರೆ ಕೇಸು ಮುಗೀತಾ?"

"ಮುಗಿದಿಲ್ಲ ದುರ್ಗಕ್ಕಾ. ನಿಂತಿದೆ. ಆರಾರು ತಿಂಗಳಿಗೆ ಡಾಕ್ಟರು ನೋಡಿ ಬರೀಬೇಕು. ಇವನಿಗೆ ಗುಣ ಆದ್ರೆ ನಿಂತಲ್ಲಿಂದ ಮತ್ತೆ ನಡೀತದೆ."

"ಗುಣ ಆದ್ರೆ?"

"ಹೌದು."

ಬಸ್ಸಿನಲ್ಲಿ ದುರ್ಗಿ ಇದನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ನಾಲ್ಕು ವರ್ಷ ಯಾವುದನ್ನು ಬೇಡಿಕೊಂಡಿದ್ದಳೋ ಅದೇ ಈಗ ಹೆದರಿಕೆಯಾಗಿ ಕೂತಿತು.

ಗುದ್ದಲಿ, ಕತ್ತಿ, ಹಾರೆ ಎಲ್ಲವನ್ನೂ ಅವಳು ಅಟ್ಟಕ್ಕೆ ಹಾಕಿ ಏಣಿಯನ್ನು ತೆಗೆದಿಟ್ಟಳು. ಪೇಟೆಗೆ ಹೋಗುವುದನ್ನು ಬಿಟ್ಟಳು. ಬಸಳೆಯನ್ನು ಬೇರೆಯವರು ಒಯ್ದು ಮಾರಿದರು. ಸುಗ್ಗಿ ಕುಣಿತಕ್ಕೆ ಕೊಪ್ಪದ ಗಂಡಸರು ಹೊರಟಾಗ ಶುಕ್ರನನ್ನು ಕರೆಯಲಿಲ್ಲ. ದುರ್ಗಿ ಬಾಗಿಲು ಮುಂದೆ ಮಾಡಿ ಅವನ ಪಕ್ಕದಲ್ಲಿ ಕೂತಳು. ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಎರಡು. ಕೈಯಲ್ಲಿ ಮಾತ್ರೆ ಹಿಡಿದು ಒಮ್ಮೊಮ್ಮೆ ಅವಳು ತುಸು ಹೊತ್ತು ನಿಲ್ಲುತ್ತಿದ್ದಳು. ಕೊಡದೆ ಬಿಟ್ಟರೆ ಇವನು ಹೀಗೇ ಇರುತ್ತಾನೆ, ಕೇಸೂ ಹಾಗೇ ಇರುತ್ತದೆ. ಆದರೆ ಮರುಗಳಿಗೆ ನಾಗನ ಅಂಗಳದಿಂದ ಕೋಲಿನ ಸದ್ದು ಕೇಳುತ್ತಿತ್ತು. ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಮಳೆ ಕಳೆಯುವಾಗ ಶುಕ್ರ ಉಂಡ ಬಟ್ಟಲನ್ನು ತಾನೇ ತೊಳೆದಿಟ್ಟ. ಇನ್ನೊಂದು ದಿನ ಎಮ್ಮೆಯ ಹಗ್ಗ ಸಡಿಲಿಸಿ ನೆರಳಿಗೆ ಕಟ್ಟಿದ. ದುರ್ಗಿ ಯಾರಿಗೂ ಹೇಳಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಅಕ್ಕಾ, ನಾಗನ ಕಾಲಿಗೆ ಎಂತಾತು?"

ಅವಳು ಕಲಿಸಿದ ಆರರಲ್ಲಿ ಅದು ಇರಲಿಲ್ಲ.

ಅದಾದ ವಾರದಲ್ಲಿ ಆರು ತಿಂಗಳ ವರದಿಗಾಗಿ ಕುಮಟೆಗೆ ಹೋಗುವ ದಿನ ಬಂತು. ದುರ್ಗಿ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಳು. ಈ ಸಲ ಸುಳ್ಳನ್ನು ಕಲಿಸಬೇಕಾದ್ದೂ ಇಲ್ಲ. ಸುಮ್ಮನಿದ್ದರೆ ಸಾಕು. ಡಾಕ್ಟರು ಶುಕ್ರನನ್ನು ಮಾತಾಡಿಸಿದರು. ಅವನು ಒಂದೆರಡಕ್ಕೆ ತಲೆ ಆಡಿಸಿದ, ಬಾಯಿ ಬಿಡಲಿಲ್ಲ. ಅವನನ್ನು ಹೊರಗೆ ಕೂರಿಸಿ ಅವಳನ್ನು ಕೇಳಿದರು.

"ಮನೆಯಲ್ಲಿ ಏನಾದರೂ ಬದಲಾವಣೆ ಕಂಡ್ರಾ?"

"ಇದ್ದ ಹಂಗೇ ಇದ್ದ."

ಡಾಕ್ಟರು ಬರೆಯತೊಡಗಿದರು. ಪೆನ್ನು ಹೋಗುವುದನ್ನು ದುರ್ಗಿ ನೋಡಿದಳು. ಓದಲು ಬರದಿದ್ದರೂ, ತಾನು ಹೇಳಿದ್ದೇ ಅಲ್ಲಿ ಕೂರುತ್ತಿದೆ ಎಂದು ತಿಳಿಯಿತು. ಇಷ್ಟು ವರ್ಷದಲ್ಲಿ ತಮ್ಮ ತಾನಾಗಿ ಕೇಳಿದ್ದು ಒಂದೇ ಮಾತು. ಅದನ್ನು ಅವನು ಕೇಳಿಯೇ ಇಲ್ಲ ಎಂದಾಗುತ್ತಿದೆ.

"ತಡೀರಿ ಒಡೆಯಾ," ಅಂದಳು. "ಒಂದು ಮಾತು ಕೇಳ್ದ. ನಾಗನ ಕಾಲಿಗೆ ಎಂತಾತು ಅಂತ."

ಡಾಕ್ಟರು ಪೆನ್ನು ನಿಲ್ಲಿಸಿದರು. "ನೀವು ಎಂತ ಹೇಳಿದ್ರಿ?"

"ಮುರಿದಿದೆ, ಕೋಲು ಹಿಡ್ಕಂಡು ನಡೀತ ಅಂದೆ."

"ಅದಕ್ಕೆ ಅವನು?"

"ಅತ್ತ. ಯಾರು ಮುರಿದದ್ದು ಅಂತ ಕೇಳ್ಲಿಲ್ಲ. ನಾ ಹೇಳ್ಲೂ ಇಲ್ಲ."

ಅವರು ಬರೆದದ್ದನ್ನು ಹೊಡೆದು ಬೇರೆ ಬರೆದರು. ಇದು ಉದ್ದ ಇತ್ತು.

"ಅಷ್ಟಕ್ಕೇ ಕೇಸು ಶುರು ಆಗ್ತದಾ?"

"ಅದನ್ನು ಕೋರ್ಟು ಹೇಳ್ಬೇಕು. ಒಂದು ಮಾತಿನಿಂದ ನಾನು ಗುಣ ಆಯ್ತು ಅಂತ ಬರೆಯೂದಿಲ್ಲ. ಆದರೆ ಕೇಳಿದ್ದಾನೆ ಅಂತ ಬರೀಲೇಬೇಕು."

"ಬರೀರಿ," ಅಂದಳು ದುರ್ಗಿ.

ಮುಚ್ಚಿದ ಲಕೋಟೆಯನ್ನು ಹೊನ್ನಾವರದ ಕೋರ್ಟಿಗೆ ಮುಟ್ಟಿಸಲು ಅವಳ ಕೈಗೇ ಕೊಟ್ಟರು. ಬಸ್ಸಿನಲ್ಲಿ ಶುಕ್ರ ಕಿಟಕಿಯ ಪಕ್ಕ ಕೂತ. ಅವಳು ಲಕೋಟೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಹಳದೀಪುರ ದಾಟುವಾಗ ಶುಕ್ರ ಅದರ ಕಡೆ ನೋಡಿದ.

"ಎಂತದು ಅಕ್ಕಾ?"

ಪಕ್ಕದವರು ಕೇಳಿಸಿಕೊಂಡರೋ ಎಂದು ದುರ್ಗಿ ಒಮ್ಮೆ ನೋಡಿದಳು.

"ನಿಂದು ತಮಾ," ಅಂದಳು. ಲಕೋಟೆಯನ್ನು ಅವನ ಕೈಗೆ ಕೊಟ್ಟಳು. ಶುಕ್ರ ಅದನ್ನು ತಿರುಗಿಸಿ ನೋಡಿದ, ಮುಚ್ಚಿದ ಅಂಚಿನ ಮೇಲೆ ಬೆರಳಾಡಿಸಿದ. ಹೊನ್ನಾವರ ಬರುವ ತನಕ ಅದನ್ನು ಕೆಳಗಿಡಲಿಲ್ಲ.